ಮರೆಯುವ ಕಬ್ಬಿಣ

ಅನಂತಪುರ, ತಾ. ಅಥಣಿ

14 ಏಪ್ರಿಲ್ 2024, ರವಿವಾರ

ಬರದ ವರ್ಷ. ಬೋರಿನ ನೀರು ತಳ ಹಿಡಿದಿದೆ, ಲೈನಿನಲ್ಲಿ ವೋಲ್ಟೇಜ್ ಇಲ್ಲ. ಮೋಟರು ಒಣಗಿ ತಿರುಗಿ, ಕಾಯಿಲ್ ಸುಟ್ಟುಕೊಂಡು ನನ್ನ ಅಂಗಡಿಗೆ ಬರುತ್ತವೆ. ದ್ರಾಕ್ಷಿ ತೋಟದವರು ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಳ್ಳುತ್ತಿದ್ದಾರೆ. ಅವರ ಹತ್ತಿರ ವೈಂಡಿಂಗ್ ಮಜೂರಿ ಕೇಳಲು ಬಾಯಿ ಬರುವುದಿಲ್ಲ.

ಇವತ್ತು ಬಿಚ್ಚಿದ ಸ್ಟೇಟರನ್ನು ಹಿಂದೊಮ್ಮೆ ಯಾರೋ ಬೆಂಕಿಯಲ್ಲಿಟ್ಟು ಹಳೇ ತಂತಿ ಕಿತ್ತಿದ್ದಾರೆ. ಸ್ಟಾಂಪಿಂಗ್ ತಗಡುಗಳು ನೀಲಿಗಟ್ಟಿವೆ. ಹೀಗೆ ಸುಟ್ಟರೆ ತಂತಿಯೇನೋ ಸಲೀಸಾಗಿ ಬರುತ್ತದೆ, ಆದರೆ ಅರ್ಧ ಮಿಲಿಮೀಟರ್ ದಪ್ಪದ ಆ ತಗಡುಗಳ ನಡುವಿನ ವಾರ್ನಿಷ್ ಕೂಡ ಸುಟ್ಟುಹೋಗುತ್ತದೆ. ತಗಡಿಗೆ ತಗಡು ತಾಗಿ, ಕರೆಂಟು ಕಬ್ಬಿಣದೊಳಗೇ ಸುತ್ತಾಡಿ ಕಾಯಿಸುತ್ತದೆ. ಎಷ್ಟು ಚೆನ್ನಾಗಿ ಸುತ್ತಿದರೂ ಆ ಮೋಟರು ಹೆಚ್ಚು ದಿನ ಬಾಳುವುದಿಲ್ಲ.

ಮೋಟರ್ ತಂದ ಹುಡುಗ ರೋಟರಿಗೆ ಒಂದು ಸ್ಕ್ರೂ ಹಚ್ಚಿ ನೋಡುತ್ತಿದ್ದ. “ಕಾಕಾ, ಇದರಾಗ ಮ್ಯಾಗ್ನೆಟ್ ಎಲ್ಲಿ ಐತ್ರಿ? ಏನೂ ಹಿಡಿಯಾಕತ್ತಿಲ್ಲಲ್ಲ?”

ಪಂಪ್‌ಸೆಟ್ಟಿನ ಮೋಟರಿನಲ್ಲಿ ಕಾಯಂ ಅಯಸ್ಕಾಂತ ಎಲ್ಲಿಯೂ ಇಲ್ಲ. ಕರೆಂಟು ಹರಿದಾಗ ಸ್ಟಾಂಪಿಂಗ್ ಅಯಸ್ಕಾಂತವಾಗುತ್ತದೆ, ಕರೆಂಟು ದಿಕ್ಕು ತಿರುಗಿಸಿದಾಗ ತಾನೂ ತಿರುಗುತ್ತದೆ, ನಿಂತಾಗ ಮರೆತುಬಿಡುತ್ತದೆ. ಸೆಕೆಂಡಿಗೆ 50 ಆವರ್ತವೆಂದರೆ ಉತ್ತರ–ದಕ್ಷಿಣ 100 ಸಲ ಅದಲುಬದಲು. ಹಳೇ ದಿಕ್ಕು ಬಿಡಲೊಲ್ಲದ ಕಬ್ಬಿಣವಾದರೆ ಪ್ರತಿ ಸಲವೂ ಜಗ್ಗಾಟ, ಆ ಜಗ್ಗಾಟವೆಲ್ಲ ಕಾವು. ಅದಕ್ಕೇ ಈ ತಗಡಿಗೆ ಸಿಲಿಕಾನ್ ಬೆರೆಸುತ್ತಾರೆ, ಇಂಗಾಲವನ್ನು ಇಲ್ಲವೆಂಬಷ್ಟು ತೆಗೆಯುತ್ತಾರೆ. ನಮ್ಮ ಹೊಲಕ್ಕೆ ನೀರು ಎತ್ತುವುದು ಮರೆಯಬಲ್ಲ ಕಬ್ಬಿಣ. ಹುಡುಗನಿಗೆ ಇಷ್ಟನ್ನೂ ಹೇಳಲು ಪುರುಸೊತ್ತಾಗಲಿಲ್ಲ. ಮೋಟರ್ ಒಯ್ಯಲು ಬಂದಾಗ ಕೂಡಿಸಿಕೊಂಡು ಹೇಳಬೇಕು.

17 ಏಪ್ರಿಲ್, ಬುಧವಾರ

ರಾಮನವಮಿ. ಬೆಳಿಗ್ಗೆ ಗಿರಾಕಿ ಕಡಿಮೆ. ಚಿಮಟ, ಸ್ಕ್ರೂಡ್ರೈವರ್‌ಗಳಿಗೆ ಹತ್ತಿದ ಅಯಸ್ಕಾಂತ ಇಳಿಸುತ್ತ ಕೂತೆ. ಸ್ಪೀಕರಿನ ಮ್ಯಾಗ್ನೆಟ್ ಪಕ್ಕ ಬಿದ್ದು ಬಿದ್ದು ಅವೂ ಅಯಸ್ಕಾಂತವಾಗಿವೆ. ಬೇರಿಂಗ್ ಕೆಲಸದಲ್ಲಿ ಕಬ್ಬಿಣದ ಪುಡಿ ಅಂಟಿಕೊಂಡು ಬರುತ್ತದೆ, ಅಲ್ಲಿಂದ ಬೇರಿಂಗಿನೊಳಗೆ ಹೋಗುತ್ತದೆ.

ಇಳಿಸುವ ಸಾಧನ ನನ್ನದೇ: ಪೈಪಿನ ತುಂಡಿನ ಮೇಲೆ ಸುತ್ತಿದ ಕಾಯಿಲ್, ಅದರೊಂದಿಗೆ ಸೀರೀಸಿನಲ್ಲಿ ಒಂದು ಬಲ್ಬು. ಮನೆಯ ಕರೆಂಟೇ ಸಾಕು. ಸ್ಕ್ರೂಡ್ರೈವರನ್ನು ಒಳಗೆ ತೂರಿಸಿದರೆ ಅದರ ಉತ್ತರ–ದಕ್ಷಿಣ ಸೆಕೆಂಡಿಗೆ 100 ಸಲ ಪಲ್ಟಿ ಹೊಡೆಯುತ್ತವೆ. ಕೈಯಲ್ಲಿ ಸಣ್ಣಗೆ ನಡುಕ ಗೊತ್ತಾಗುತ್ತದೆ. ಆಮೇಲೆ ಕರೆಂಟು ಚಾಲೂ ಇರುವಾಗಲೇ ನಿಧಾನವಾಗಿ ಹೊರಗೆಳೆದು ಒಂದು ಮೊಳ ದೂರ ಒಯ್ಯಬೇಕು. ದೂರವಾದಷ್ಟೂ ಒಂದೊಂದು ಪಲ್ಟಿಯೂ ಹಿಂದಿನದಕ್ಕಿಂತ ಸಣ್ಣದು. ಕೊನೆಗೆ ಯಾವ ದಿಕ್ಕಿಗೂ ಹೆಚ್ಚಿನ ಒಲವು ಉಳಿಯುವುದಿಲ್ಲ. ಎಳೆಯದೆ ಒಳಗಿರುವಾಗಲೇ ಸ್ವಿಚ್ ಆರಿಸಿದರೆ ಕೆಟ್ಟಿತು: ಆ ಕ್ಷಣಕ್ಕೆ ಕರೆಂಟು ಯಾವ ದಿಕ್ಕಿಗೆ ಎಷ್ಟಿತ್ತೋ ಅದೇ ಉಕ್ಕಿನಲ್ಲಿ ನಿಂತುಬಿಡುತ್ತದೆ.

ಹಳೇ ಕಲರ್ ಟಿವಿ ಹಚ್ಚಿದ ಕೂಡಲೇ ಒಮ್ಮೆ ‘ಗುಂಯ್’ ಎನ್ನುತ್ತಿತ್ತು. ಅದೂ ಇದೇ ಕೆಲಸ. ಪರದೆಯ ಹಿಂದಿನ ಲೋಹದ ಜಾಲರಿಗೆ ಹತ್ತಿದ ಅಯಸ್ಕಾಂತವನ್ನು ಅದರ ಸುತ್ತಲಿನ ಕಾಯಿಲ್ ತೊಳೆದುಹಾಕುತ್ತಿತ್ತು.

21 ಏಪ್ರಿಲ್, ರವಿವಾರ

ಕಂಬಾರ ಕಾಕಾನ ಬ್ಲೋವರ್ ಮೋಟರ್ ಮುಗಿಸಿ ಒಯ್ದುಕೊಟ್ಟೆ. ತಿದಿ ಒತ್ತುವ ಕಾಲ ಹೋಗಿ ಎಷ್ಟೋ ವರ್ಷವಾಯಿತು. ಮಳೆಗಾಲ ಹತ್ತಿರ ಬರುವ ಮೊದಲೇ ಜನ ಕುಂಟಿಯ ಕುಡ, ಕುರ್ಪಿ ಹಣಿಸಲು ತಂದು ಹಾಕಿದ್ದಾರೆ. ಮಳೆ ಬಂದೇ ಬರುತ್ತದೆ ಎಂದು ಊರು ನಂಬಿದೆ ಎನ್ನುವುದಕ್ಕೆ ಆ ರಾಶಿಯೇ ಸಾಕ್ಷಿ.

ಒಂದು ಉಳಿಗೆ ಹದ ಹಾಕುತ್ತಿದ್ದ. ಕುಲುಮೆಯಲ್ಲಿ ಬೇಕೆಂದೇ ಕತ್ತಲು. “ಬಿಸಲಾಗ ಬಣ್ಣ ತಿಳಿಯಂಗಿಲ್ಲ ತಮ್ಮಾ. ಕೆಂಪು ಹತ್ತಬೇಕು, ಆದರ ಹಳದಿಗೆ ಹೋಗಬಾರದು. ಆವಾಗ ನೀರು ಕುಡಿಸಬೇಕು.” ನನಗೆ ಬಹಳ ದಿನದ ಆಸೆ ಒಂದಿತ್ತು. ಸ್ಪೀಕರ್ ಮ್ಯಾಗ್ನೆಟನ್ನು ತಂತಿಗೆ ಕಟ್ಟಿ ಒಯ್ದಿದ್ದೆ. ಕಾಕಾ ಇಕ್ಕಳದಲ್ಲಿ ಉಳಿ ಹೊರತೆಗೆದಾಗ ಹತ್ತಿರ ಹಿಡಿದೆ. ಮಂಕು ಕೆಂಪಿರುವಾಗ ಮ್ಯಾಗ್ನೆಟ್ ತಂತಿ ಜಗ್ಗಿಕೊಂಡು ಉಳಿಯತ್ತ ವಾಲಿತು. ಮತ್ತೆ ಬೆಂಕಿಗಿಟ್ಟು ಚೆನ್ನಾಗಿ ಕೆಂಪು ಮಾಡಿ ತೆಗೆದಾಗ ನೆಟ್ಟಗೆ ಇಳಿಬಿದ್ದಿತ್ತು, ಎದುರಿಗೆ ಕಬ್ಬಿಣವೇ ಇಲ್ಲ ಎಂಬಂತೆ. ಹಾಗೇ ಹಿಡಿದುಕೊಂಡು ನಿಂತೆವು. ಉಳಿ ಆರುತ್ತ ಆರುತ್ತ ಒಂದು ಗಳಿಗೆಯಲ್ಲಿ ಮ್ಯಾಗ್ನೆಟ್ ಗಕ್ಕನೆ ಅತ್ತ ತಿರುಗಿತು.

ಅಯಸ್ಕಾಂತಕ್ಕೆ ಓಗೊಡುವುದು ನಿಲ್ಲುವ ಈ ಮಿತಿ ಕಬ್ಬಿಣಕ್ಕೆ 770 ಡಿಗ್ರಿ, ನಿಕ್ಕಲಿಗೆ ಸುಮಾರು 358, ಕೋಬಾಲ್ಟಿಗೆ 1100ರ ಮೇಲೆ. 1895ರಲ್ಲಿ ಇದನ್ನು ಕೂಲಂಕಷವಾಗಿ ಅಳೆದ ಪಿಯರ್ ಕ್ಯೂರಿಯ ಹೆಸರೇ ಆ ಉಷ್ಣತೆಗೆ ಉಳಿಯಿತು. ಸಾದಾ ಇಂಗಾಲದ ಉಕ್ಕಿಗೆ ಹದ ಹಾಕುವ ಕಾವು ಈ ಮಿತಿಯ ತುಸು ಮೇಲೆ. ಮ್ಯಾಗ್ನೆಟ್ ಕೈಬಿಟ್ಟ ಬಣ್ಣಕ್ಕೂ ಕಾಕಾನ ಕಣ್ಣು ಹೇಳಿದ ಬಣ್ಣಕ್ಕೂ ಹೆಚ್ಚು ಅಂತರವಿರಲಿಲ್ಲ. ಆ ಕಣ್ಣಿಗೆ ನಾನು ಮನಸಿನಲ್ಲೇ ಕೈಮುಗಿದೆ.

ಒಂದು ಮಾತು ಸ್ಪಷ್ಟ ಮಾಡಿ ಬರೆದಿಡಬೇಕು. ಇಲ್ಲಿ ಕಳೆದುಹೋಗುವುದು ಎರಡು ಬೇರೆ ಬೇರೆ ಸಂಗತಿ. ಕಾಯ್ದಾಗ ಕಬ್ಬಿಣ ಅಯಸ್ಕಾಂತಕ್ಕೆ ಓಗೊಡುವ ಗುಣವನ್ನೇ ಕಳೆದುಕೊಳ್ಳುತ್ತದೆ, ಆರಿದಾಗ ಅದು ತಿರುಗಿ ಬರುತ್ತದೆ. ಆದರೆ ಆ ಉಳಿ ಮೊದಲೇ ಅಯಸ್ಕಾಂತವಾಗಿದ್ದರೆ, ಅದರೊಳಗಿದ್ದ ಆ ಜೋಡಣೆ ಮಾತ್ರ ಹೋದದ್ದು ಹೋಯಿತು. ಆರುವಾಗ ಸುತ್ತಮುತ್ತ ಯಾವ ಬಲವಿದೆಯೋ ಅದನ್ನೇ ಹೊಸದಾಗಿ ಹಿಡಿಯುತ್ತದೆ. ಸುತ್ತ ಏನೂ ಇಲ್ಲ ಅನ್ನುವ ಹಾಗಿಲ್ಲ, ಭೂಮಿಯಂತೂ ಇದ್ದೇ ಇದೆ. ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್ ಎಂಬ ವೈದ್ಯ 1600ರಲ್ಲಿ ಅಯಸ್ಕಾಂತದ ಮೇಲೆ ಬರೆದ ಪುಸ್ತಕದಲ್ಲಿ ಕಂಬಾರನ ಚಿತ್ರವಿದೆ: ಕಾಯ್ದ ಸರಳನ್ನು ಉತ್ತರ–ದಕ್ಷಿಣವಾಗಿ ಅಡಿಗಲ್ಲಿನ ಮೇಲಿಟ್ಟು ಬಡಿಯುತ್ತಿದ್ದಾನೆ. ಆರುವ ಹೊತ್ತಿಗೆ ಸರಳು ಸಣ್ಣ ಅಯಸ್ಕಾಂತ. ತಣ್ಣಗಿನ ಹಾರೆಯನ್ನೂ ಉತ್ತರ–ದಕ್ಷಿಣವಾಗಿ ಹಿಡಿದು ಬಡಿದರೆ ತುಸು ಹಿಡಿಯುತ್ತದೆ, ಪೂರ್ವ–ಪಶ್ಚಿಮವಾಗಿ ಬಡಿದರೆ ಇಳಿಯುತ್ತದೆ. ಅಂದರೆ ಪೆಟ್ಟು ತಾನಾಗಿ ಏನನ್ನೂ ಕೊಡುವುದಿಲ್ಲ, ಒಳಗಿನವನ್ನು ಅಲುಗಾಡಿಸಿ ಸಡಿಲ ಮಾಡುತ್ತದೆ ಅಷ್ಟೇ.

28 ಏಪ್ರಿಲ್, ರವಿವಾರ

ಮಗಳು ಧಾರವಾಡದಿಂದ ರಜೆಗೆ ಬಂದಿದ್ದಾಳೆ. ಭೂವಿಜ್ಞಾನ ಓದುತ್ತಿದ್ದಾಳೆ. ಬಂದವಳೇ ಅಂಗಡಿಯಲ್ಲಿ ಕೂತಳು. ಭಜನಾ ಮಂಡಳಿಯ ಆಂಪ್ಲಿಫೈಯರ್ ರಿಪೇರಿ ಮುಗಿದು ಅಲ್ಲೇ ಇತ್ತು. ಅದನ್ನು ನೋಡಿ, “ಪಪ್ಪಾ, ಕಬ್ಬಿಣ ಅಯಸ್ಕಾಂತ ಆಗೋ ಸಪ್ಪಳ ಕೇಳೂಣು?” ಅಂದಳು.

ಸಣ್ಣ ಗೇಜಿನ ತಂತಿಯನ್ನು ಬಾಬಿನ್ ತುಂಬ ಸುತ್ತಿದೆ, ಎರಡು ತುದಿ ಮೈಕಿನ ಪಿನ್ನಿಗೆ ಬೆಸೆದೆ. ಬಾಬಿನ್ನಿನ ತೂತಿನಲ್ಲಿ ಟ್ರಾನ್ಸ್‌ಫಾರ್ಮರ್ ಸ್ಟಾಂಪಿಂಗಿನ ಒಂದು ಪಟ್ಟಿ. ವಾಲ್ಯೂಮ್ ಪೂರ್ತಿ ಏರಿಸಿ ಮ್ಯಾಗ್ನೆಟನ್ನು ಆದಷ್ಟು ನಿಧಾನವಾಗಿ ಹತ್ತಿರ ತಂದಳು. ಸ್ಪೀಕರಿನಲ್ಲಿ ಚರಚರ ಸದ್ದು! ಕೈ ನಿಲ್ಲಿಸಿದರೆ ಸದ್ದೂ ನಿಂತಿತು, ಮುಂದೆ ಸರಿಸಿದರೆ ಮತ್ತೆ ಚರಚರ. ಹಿಂದಕ್ಕೆ ಒಯ್ದಾಗಲೂ ಬಂತು. ಪಟ್ಟಿ ತೆಗೆದು ತಾಮ್ರದ ತುಂಡು ಇಟ್ಟರೆ ಮೌನ. ಇಷ್ಟು ವರ್ಷ ಕಬ್ಬಿಣದ ಮೇಲೆ ತಂತಿ ಸುತ್ತಿದ್ದೇನೆ, ಒಳಗಿನ ಸದ್ದು ಕೇಳಿದ್ದು ಇವತ್ತೇ. ಮೈ ಜುಂ ಅಂದಿತು.

ಆಕೆ ಬಿಡಿಸಿ ಹೇಳಿದಳು. ಕಬ್ಬಿಣದ ಒಂದೊಂದು ಪರಮಾಣುವೂ ಒಂದು ಸಣ್ಣ ಅಯಸ್ಕಾಂತ. ಅಕ್ಕಪಕ್ಕದವು ತಾವಾಗಿಯೇ ಒಂದು ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ, ಆದರೆ ಇಡೀ ತುಂಡು ಹಾಗಿರುವುದಿಲ್ಲ. ಸಣ್ಣ ಸಣ್ಣ ತುಣುಕಾಗಿ, ಒಂದೊಂದು ತುಣುಕು ಒಂದೊಂದು ದಿಕ್ಕಿಗೆ. ಹೀಗಿರಲೇಬೇಕೆಂದು ಫ್ರಾನ್ಸಿನ ಪಿಯರ್ ವೈಸ್ 1907ರಲ್ಲಿ ಊಹಿಸಿದ್ದ. ನಾನು ನಮ್ಮ ಎರಿ ಹೊಲಗಳನ್ನು ನೆನೆದುಕೊಂಡೆ. ಒಬ್ಬನ ಹೊಲದ ಸಾಲು ಪೂರ್ವ–ಪಶ್ಚಿಮ, ಪಕ್ಕದವನದು ದಕ್ಷಿಣೋತ್ತರ, ನಡುವೆ ಬದು. ಇಡೀ ಅಡವಿಗೆ ಒಂದು ದಿಕ್ಕಿಲ್ಲ. ಹೊರಗಿನಿಂದ ಅಯಸ್ಕಾಂತ ಬಂದಾಗ ಬದು ಸರಿಯುತ್ತದೆ. ಅದರ ದಿಕ್ಕಿಗೆ ಹೊಂದುವ ಹೊಲ ಪಕ್ಕದ್ದನ್ನು ಒಳಗೆ ಹಾಕಿಕೊಳ್ಳುತ್ತ ಬೆಳೆಯುತ್ತದೆ. ಸರಿಯುವ ಬದುವಿಗೆ ನಡುವೆ ಕಲ್ಲು ಅಡ್ಡ ಬಂದರೆ ಅಲ್ಲೇ ತಡೆದು ನಿಂತು, ಬಲ ಹೆಚ್ಚಿದಾಗ ಫಟ್ಟನೆ ದಾಟುತ್ತದೆ. ಆ ಒಂದೊಂದು ದಾಟೂ ಒಂದು ‘ಚರ್’. 1919ರಲ್ಲಿ ಜರ್ಮನಿಯ ಹೈನ್ರಿಶ್ ಬಾರ್ಕ್‌ಹೌಸೆನ್ ಮೊದಲು ಕೇಳಿಸಿದ್ದು ಇದನ್ನೇ.

ಆಮೇಲೆ ಹ್ಯಾಕ್ಸಾ ಬ್ಲೇಡಿನ ತುಂಡು ಹಾಕಿದೆವು. ಮ್ಯಾಗ್ನೆಟ್ ತೀರ ಹತ್ತಿರ ಬರುವವರೆಗೆ ಸಪ್ಪಳವೇ ಇಲ್ಲ. ಹದ ಹಾಕಿದ ಉಕ್ಕಿನಲ್ಲಿ ಇಂಗಾಲ, ಒಳಬಿಗುವು, ಸೀಳು, ಎಲ್ಲವೂ ಅಡ್ಡಗಲ್ಲುಗಳೇ. ಒತ್ತಾಯದಿಂದ ಸರಿದ ಬದು ತಿರುಗಿ ಹಳೇ ಜಾಗಕ್ಕೆ ಬರಲಾರದು. ಪ್ರಯೋಗ ಮುಗಿದ ಮೇಲೆ ಬ್ಲೇಡು ಗುಂಡುಸೂಜಿ ಎತ್ತಿತು, ಸ್ಟಾಂಪಿಂಗ್ ಪಟ್ಟಿ ಎತ್ತಲಿಲ್ಲ. ತಡೆ ಹೆಚ್ಚಿದ್ದಷ್ಟೂ ನೆನಪು ಗಟ್ಟಿ.

7 ಮೇ, ಮಂಗಳವಾರ

ಮತದಾನ. ಮಧ್ಯಾಹ್ನ ಹನ್ನೆರಡೂವರೆಯ ಹತ್ತಿರ ಸಾಲಿನಲ್ಲಿ ನಿಂತಾಗ ಮಗಳು ಕಂಬ ತೋರಿಸಿದಳು, ಅದಕ್ಕೆ ನೆರಳೇ ಇಲ್ಲ. ಸೂರ್ಯ ನೆತ್ತಿಯ ಮೇಲೆ ನೇರ. ನಮ್ಮ ಅಕ್ಷಾಂಶಕ್ಕೆ ವರ್ಷದಲ್ಲಿ ಎರಡೇ ಸಲ ಹೀಗಾಗುತ್ತದಂತೆ.

12 ಮೇ, ರವಿವಾರ

ಶುಕ್ರವಾರ ಬಸವ ಜಯಂತಿ, ಎತ್ತುಗಳ ಮೆರವಣಿಗೆ, ಮನೆಯಲ್ಲಿ ಹೋಳಿಗೆ. ಅದೇ ರಾತ್ರಿ ಸೂರ್ಯನಿಂದ ಬಂದ ಕಣಗಳ ಬಿರುಗಾಳಿ ಭೂಮಿಯ ಅಯಸ್ಕಾಂತವನ್ನು ಅಲುಗಾಡಿಸಿದ್ದು ನಮಗಾರಿಗೂ ತಿಳಿಯಲಿಲ್ಲ. ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಖಭೌತ ಸಂಸ್ಥೆಯವರ ವೀಕ್ಷಣಾಲಯದಿಂದ ಆಕಾಶ ಕೆಂಪಾಗಿ ಕಂಡಿದೆ. ಮಗಳು ಮೊಬೈಲಿನಲ್ಲಿ ಫೋಟೋ ತೋರಿಸಿದಳು.

ನಮ್ಮ ಕಡೆ ಭೂಮಿಯ ಅಯಸ್ಕಾಂತ ಬಲ ಸುಮಾರು 40 ಸಾವಿರ ನ್ಯಾನೊಟೆಸ್ಲಾ, ಬಿರುಗಾಳಿ ಕುಗ್ಗಿಸಿದ್ದು ಹೆಚ್ಚೆಂದರೆ 400ರಷ್ಟು. ನೂರರಲ್ಲಿ ಒಂದು ಪಾಲು. ಇಷ್ಟು ಸಣ್ಣದನ್ನು ಅಳೆಯುವ ಕೆಲಸ ಮುಂಬಯಿಯ ಕೊಲಾಬಾದಲ್ಲಿ 1841ರಷ್ಟು ಹಿಂದೆಯೇ ಶುರುವಾಗಿತ್ತು. ನಗರಕ್ಕೆ ಕರೆಂಟಿನ ಟ್ರಾಂ ಬರುತ್ತದೆಂದಾಗ ಅಳತೆ ಕೆಡಬಾರದೆಂದು ಆ ಕೆಲಸವನ್ನು 1904ರಲ್ಲಿ ಅಲಿಬಾಗಿಗೆ ಒಯ್ದರು. ಎಂಥ ಜತನ!

ನನ್ನ ಚಿಂತೆ ಟಿಸಿಗಳದು, ಅಂದರೆ ಲೈನಿನ ಟ್ರಾನ್ಸ್‌ಫಾರ್ಮರುಗಳದು. ಇಂಥದೇ ಬಿರುಗಾಳಿ 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಒಂಬತ್ತು ತಾಸು ಕತ್ತಲು ತಂದಿತ್ತು. ನೆಲದಿಂದ ಉದ್ದನೆಯ ಲೈನಿಗೆ ಏರುವ ಕರೆಂಟು ಡಿಸಿಯಂತೆ ಒಂದೇ ದಿಕ್ಕಿಗೆ ಒತ್ತುತ್ತದೆ. ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಆ ದಿಕ್ಕಿಗೆ ತುಂಬಿಹೋಗಿ, ಇನ್ನು ಹಿಡಿಯಲಾರದೆ ಕಾಯುತ್ತದೆ. ಮರೆಯಲು ಬಿಡುವು ಕೊಡದಿದ್ದರೆ ಎಂಥ ಒಳ್ಳೆಯ ಸ್ಟಾಂಪಿಂಗೂ ಸೋಲುತ್ತದೆ. ಆದರೆ ಅದು ಧ್ರುವದ ಕಡೆಯ ದೇಶಗಳ ದೊಡ್ಡ ಕಷ್ಟ. ಇಲ್ಲಿನ ಟಿಸಿ ಸುಡುವುದು ಲೋಡು ಹೆಚ್ಚಾಗಿ.

19 ಮೇ, ರವಿವಾರ

ಸಾಯಂಕಾಲ ಹಳ್ಳದ ಕಡೆ ಹೋಗಿದ್ದೆವು. ಹುಡುಗರು ಮ್ಯಾಗ್ನೆಟಿಗೆ ದಾರ ಕಟ್ಟಿ ಮರಳಿನಲ್ಲಿ ಎಳೆಯುತ್ತಿದ್ದರು. ಕರಿ ಪುಡಿ ಮುಳ್ಳುಮುಳ್ಳಾಗಿ ನಿಂತಿತ್ತು. ಅದು ಮ್ಯಾಗ್ನೆಟೈಟ್, ನಮ್ಮ ಕರಿಕಲ್ಲು ಸವೆದು ಉದುರಿದ್ದು.

ಬಾವಿ ತೋಡಿ ಹಾಕಿದ ಕಲ್ಲಿನ ಗುಡ್ಡೆಯಿಂದ ಮಗಳು ಒಂದು ತುಂಡು ಆರಿಸಿದಳು. ಶಾಲೆಯ ದಿಕ್ಸೂಚಿಯನ್ನು ಚಪ್ಪಡಿಯ ಮೇಲಲ್ಲ, ನನ್ನ ಅಂಗೈ ಮೇಲೆ ಇರಿಸಿದಳು. ಕಲ್ಲು ಹತ್ತಿರ ತಂದರೆ ಮುಳ್ಳಿನ ಉತ್ತರ ತುದಿ ತುಸು ಇತ್ತ ವಾಲಿತು. ಕಲ್ಲನ್ನು ಹಿಂದುಮುಂದು ಮಾಡಿ ಹಿಡಿದರೆ ಅದೇ ತುದಿ ಅತ್ತ ಸರಿಯಿತು. ಬರೀ ಕಬ್ಬಿಣದಂಶದಿಂದ ಸೆಳೆದಿದ್ದರೆ ಯಾವ ಕಡೆ ಹಿಡಿದರೂ ಸೆಳೆಯಬೇಕಿತ್ತು. ಇದು ದೂಡುತ್ತದೆ ಕೂಡ. ಅಂದರೆ ಕಲ್ಲಿಗೆ ತನ್ನದೇ ಉತ್ತರ–ದಕ್ಷಿಣ ಇದೆ.

“ಯಾವಾಗ ಹತ್ತಿದ್ದು ಅವ್ವಾ ಇದು?”

“ಲಾವಾ ಆರುವಾಗ ಪಪ್ಪಾ. ಆರೂವರಿ ಕೋಟಿ ವರ್ಷದ ಮ್ಯಾಲೆ ಆತು.”

ಗೋಕಾಕದತ್ತ ಹೋದರೆ ಮರಳುಗಲ್ಲು ಸಿಗುತ್ತದೆ, ನಮ್ಮ ಸೀಮೆಯದು ದಖ್ಖನ್ನಿನ ಲಾವಾ. ಸಹ್ಯಾದ್ರಿಯಲ್ಲಿ ಪದರದ ಮೇಲೆ ಪದರವಾಗಿ ಕಾಣುವುದೂ ಇದೇ. ಸಾವಿರ ಡಿಗ್ರಿಗೂ ಮೀರಿದ ಕಾವಿನಲ್ಲಿ ಹರಿದಾಗ ಅದರಲ್ಲಿ ಅಯಸ್ಕಾಂತವೇ ಇರಲಿಲ್ಲ. ಮ್ಯಾಗ್ನೆಟೈಟಿನ ಕ್ಯೂರಿ ಮಿತಿ 580 ಡಿಗ್ರಿ. ಅದರ ಕೆಳಗೆ ಇಳಿಯುತ್ತಿದ್ದಂತೆ ಒಂದೊಂದು ಕಣವೂ ಆಗಿನ ಭೂಮಿಯ ದಿಕ್ಕನ್ನು ಹಿಡಿದು ಅಲ್ಲೇ ನಿಂತಿತು. ಕಾಕಾನ ಕುಲುಮೆಯಲ್ಲಿ ನಡೆದದ್ದೇ, ನೂರಾರು ಮೈಲಿ ಅಗಲದಲ್ಲಿ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬ್ಲ್ಯಾಕೆಟ್ ಎಂಬ ವಿಜ್ಞಾನಿಯ ತಂಡದ ಕ್ಲೆಗ್ ಮತ್ತು ಜೊತೆಗಾರರು ದಖ್ಖನ್ ಕಲ್ಲುಗಳನ್ನು ಅಳೆದು 1956ರಲ್ಲಿ ಪ್ರಕಟಿಸಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ರಾಧಾಕೃಷ್ಣಮೂರ್ತಿ, ಸಹಸ್ರಬುಧೆ ಆ ಕೆಲಸ ಮುಂದುವರಿಸಿದರು. ಸಹ್ಯಾದ್ರಿಯ ಕೆಳಗಿನ ಪದರಗಳಲ್ಲಿ ಅಯಸ್ಕಾಂತದ ಬಾಣ ಉತ್ತರಕ್ಕಿಲ್ಲ, ದಕ್ಷಿಣಕ್ಕಿದೆ, 45 ಡಿಗ್ರಿಯ ಆಸುಪಾಸು ನೆಲಕ್ಕೆ ಬಾಗಿದೆ. ಮಹಾಬಳೇಶ್ವರದ ಮೇಲಿನ ಪದರಗಳಿಗೆ ಬಂದರೆ ಬಾಣ ತಿರುವುಮುರುವು. ಭೂಮಿಯ ಉತ್ತರ–ದಕ್ಷಿಣ ಆಗ ಪಲ್ಟಿಯಾಗಿತ್ತು, ಲಾವಾ ಹರಿಯುತ್ತಿರುವಾಗಲೇ ಮತ್ತೆ ಪಲ್ಟಿ ಹೊಡೆಯಿತು. ಬಾಗಿದ ಕೋನದಿಂದ ಅಕ್ಷಾಂಶ ಲೆಕ್ಕ ಹಾಕಬಹುದು: ಆಗ ಈ ನೆಲ ಸಮಭಾಜಕದ ಕೆಳಗೆ, 30 ಡಿಗ್ರಿ ದಕ್ಷಿಣದ ಹತ್ತಿರ ಇತ್ತು. ಖಂಡಗಳು ಚಲಿಸುತ್ತವೆ ಎನ್ನುವುದನ್ನು ಬಹಳ ಜನ ನಂಬದಿದ್ದ ಕಾಲದಲ್ಲಿ ನಮ್ಮ ಕರಿಕಲ್ಲು ಸಾಕ್ಷಿ ನುಡಿಯಿತು.

ಆದರೆ ಆ ಸಾಕ್ಷಿ ಸುಲಭವಾಗಿ ಸಿಗುವುದಿಲ್ಲ. ಲಕ್ಷಾಂತರ ವರ್ಷದಲ್ಲಿ ಈಗಿನ ದಿಕ್ಕೂ ಸಡಿಲ ಕಣಗಳಿಗೆ ಸ್ವಲ್ಪ ಹತ್ತಿರುತ್ತದೆ. ದಿಬ್ಬದ ಮೇಲಿನ ಕಲ್ಲಿಗೆ ಸಿಡಿಲು ಬಡಿದಿದ್ದರೆ ಅದರ ಕರೆಂಟು ಹಳೆಯದನ್ನೆಲ್ಲ ಮುಚ್ಚುವಷ್ಟು ಹೊಸದನ್ನು ಬರೆದಿರುತ್ತದೆ. ಹಾಗಾದರೆ ಹಳೆಯದನ್ನು ಹುಡುಕುವುದು ಹೇಗೆ ಎಂದು ಕೇಳಿದೆ. ಮಗಳು ನಕ್ಕು, “ನಿನ್ನ ಪೈಪಿನ ಕಾಯಿಲ್ ಹಂಗನ” ಅಂದಳು. ಹಿಂದುಮುಂದಾಗುವ ಬಲದೊಳಗೆ ಕಲ್ಲನ್ನಿಟ್ಟು, ಆ ಬಲವನ್ನು ಸೊನ್ನೆಗೆ ಇಳಿಸುತ್ತಾರೆ. ಅಳೆಯುತ್ತಾರೆ. ಮತ್ತೆ ತುಸು ಹೆಚ್ಚಿನ ಬಲದಿಂದ ಶುರು ಮಾಡಿ ಇಳಿಸುತ್ತಾರೆ, ಮತ್ತೆ ಅಳೆಯುತ್ತಾರೆ. ಇಲ್ಲವೇ ಹಂತಹಂತವಾಗಿ ಕಾಯಿಸಿ, ಭೂಮಿಯ ಬಲ ತಾಗದ ಪೆಟ್ಟಿಗೆಯಲ್ಲಿ ಆರಿಸುತ್ತಾರೆ. ಸಡಿಲಾಗಿ ಹತ್ತಿದ್ದು ಮೊದಲು ಹೋಗುತ್ತದೆ. ಕೊನೆಯವರೆಗೆ ಹಟ ಹಿಡಿದು ಉಳಿಯುವುದೇ ಲಾವಾ ಕಾಲದ್ದು. ಸ್ಕ್ರೂಡ್ರೈವರಿನ ಕೊಳೆ ತೆಗೆಯುವ ಕೆಲಸವೆಂದೇ ನಾನು ತಿಳಿದದ್ದು, ಮೇಲಿನದನ್ನು ಅಳಿಸಿ ಒಳಗಿನದನ್ನು ಓದುವ ವಿದ್ಯೆಯೂ ಹೌದು. ಇಡೀ ಸಂಜೆ ಅದೇ ತಲೆಯಲ್ಲಿ.

26 ಮೇ, ರವಿವಾರ

ಮಗಳಿಗೆ ಒಂದು ತುಂಡು ಒಯ್ಯಬೇಕಿದೆ. ಗುಡ್ಡೆಯ ಕಲ್ಲು ಉಪಯೋಗವಿಲ್ಲ, ನೆಲದಲ್ಲಿ ಅದು ಯಾವ ಕಡೆ ಮುಖ ಮಾಡಿತ್ತೋ ಗೊತ್ತಿಲ್ಲ. ಹಳ್ಳದ ದಂಡೆಯಲ್ಲಿ ಅಲುಗದೆ ಕೂತ ಬಂಡೆಯನ್ನೇ ಗುರುತು ಹಾಕಿ ಒಡೆಯಬೇಕು. ದಿಬ್ಬದ್ದು ಬೇಡ, ಸಿಡಿಲಿನ ಸಂಶಯ.

ಬಂಡೆಯ ಮೇಲೆ ಉತ್ತರದ ಗೆರೆ ಎಳೆಯಲು ದಿಕ್ಸೂಚಿ ನಂಬುವಂತಿಲ್ಲ, ಬಂಡೆಯೇ ಅದನ್ನು ಕೆಡಿಸುತ್ತದೆ. ಮಧ್ಯಾಹ್ನದ ನೆರಳಿನಿಂದ ಎಳೆಯೋಣವೆಂದರೆ ಈ ದಿನಗಳಲ್ಲಿ ಆ ನೆರಳು ಗೇಣುದ್ದವೂ ಇಲ್ಲ, ಅದೂ ದಕ್ಷಿಣಕ್ಕೆ ಬೀಳುತ್ತದೆ. ಗುಡಿ ಕಟ್ಟುವವರು ದಿಕ್ಕು ಹಿಡಿಯುತ್ತಿದ್ದ ಹಳೇ ಕ್ರಮವೇ ಆಯಿತು. ಪಕ್ಕದ ಸಪಾಟು ನೆಲದಲ್ಲಿ ಗೂಟ ನೆಟ್ಟು ಸುತ್ತ ದಾರದಿಂದ ವೃತ್ತ ಎಳೆದೆವು. ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟಿದಲ್ಲಿ ಒಂದು ಮೊಳೆ, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಲ್ಲಿ ಇನ್ನೊಂದು. ಎರಡನ್ನೂ ಕೂಡಿಸಿದ ದಾರವೇ ಪೂರ್ವ–ಪಶ್ಚಿಮ. ಅದಕ್ಕೆ ಮೂಲೆಮಟ್ಟ ಹಿಡಿದು ಉತ್ತರದ ದಾರ ಬಂಡೆಯ ಮೇಲೆ ಹಾಯಿಸಿ, ಪೇಂಟಿನಲ್ಲಿ ಬಾಣ ಬರೆದೆವು. ಬಂಡೆಯ ಮೈ ಎಷ್ಟು ವಾಲಿದೆ ಎಂಬುದನ್ನೂ ಆಕೆ ಪುಸ್ತಕದಲ್ಲಿ ಬರೆದುಕೊಂಡಳು.

ಒಡೆಯುವಾಗ ಪೆಟ್ಟಿನಿಂದ ಒಳಗಿನದು ಅಲುಗಬಾರದಲ್ಲವೇ ಎಂದೆ. ಕಲ್ಲಿನ ಕಣಗಳು ಹಾರೆಯಷ್ಟು ಮೆತ್ತಗಲ್ಲ, ಆದರೂ ಮೆಲ್ಲಗೇ ಒಡೆಯೋಣ ಅಂದಳು. ಕಾಕಾನ ಉಳಿಯಿಂದ ಬಾಣದ ಸುತ್ತ ಸಣ್ಣ ಸಣ್ಣ ಗುಂಡಿ ಹಾಕಿ ಬಿಡಿಸಿದೆ. ತುಂಡು ಮುಷ್ಟಿಗಿಂತ ದೊಡ್ಡದು, ಬಾಣ ಅಳಿಸಿಲ್ಲ. ಕೆಳಗಿನ ಪದರದಿಂದ ಇನ್ನೊಂದು ಬೇಕಂತೆ. ಹಳ್ಳಕ್ಕೆ ನೀರು ಬರುವ ಮೊದಲು ತೆಗೆಯಬೇಕು. ಬುಧವಾರ ಅಂಗಡಿ ಮುಚ್ಚಿ ಹೋಗುವುದೆಂದು ಮಾತಾಗಿದೆ.